ಉಳುಕು ಅಂತ ನೀವುವ ಮುಂಚೆ: ಪಿ.ಟಿ. ಪೀರಿಯಡ್ಡಿನ ಗಾಯಗಳು

(ಹಾಸನದಲ್ಲಿ ಪ್ರೌಢಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರೆದುರು ಆಡಿದ ಮಾತುಗಳ ಬರಹ ರೂಪ)

ಮೊದಲು ನಮ್ಮ ಶಾಲೆಗಳ ಕ್ಯಾಲೆಂಡರ್ ನೋಡೋಣ. ಏಪ್ರಿಲ್, ಮೇ ರಜೆ. ಮೇ ಕೊನೆಗೆ ಬಾಗಿಲು ತೆರೆದರೂ ಜೂನ್ ಅರ್ಧ ದಾಖಲಾತಿ, ಪುಸ್ತಕ, ಸಮವಸ್ತ್ರ ಅಂತಲೇ ಕಳೆದುಹೋಗುತ್ತದೆ. ನಿಮ್ಮ ಪೀರಿಯಡ್ಡನ್ನು ಗಣಿತದವರೋ ವಿಜ್ಞಾನದವರೋ ಕೇಳಿ ತೆಗೆದುಕೊಂಡಿರುತ್ತಾರೆ. ಅಷ್ಟರಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂತು ಅಂತ ಗೊತ್ತಾಗುತ್ತದೆ. ಎರಡು ತಿಂಗಳು ಓಡದೇ ಇದ್ದ ಮಕ್ಕಳನ್ನು ಒಂದು ದಿನ ಸಾಲಾಗಿ ನಿಲ್ಲಿಸಿ ನೂರು ಮೀಟರ್ ಓಡಿಸುತ್ತೇವೆ, ಲಾಂಗ್ ಜಂಪ್ ಮಾಡಿಸುತ್ತೇವೆ, ಸಂಜೆ ಕಬಡ್ಡಿ ಆಡಿಸಿ ತಂಡ ಆರಿಸುತ್ತೇವೆ. ಆಮೇಲೆ ಮೂರು ವಾರ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಅಭ್ಯಾಸ. ತೊಡೆ ಹಿಡಿದುಕೊಂಡು ಕೂತ ಹುಡುಗ, ಮಂಡಿ ನೋವು ಅನ್ನುವ ಹುಡುಗಿ, ಮೈದಾನದ ಅಂಚಿನಲ್ಲಿ ಕುಂಟುವವರು, ಹೆಚ್ಚಿನವರು ಈ ಮೂರು ವಾರದ ಫಸಲು.

ಇದೇ ಹೊತ್ತಿಗೆ ಸಕಲೇಶಪುರ, ಮೂಡಿಗೆರೆ ಕಡೆ ಜಡಿಮಳೆ. ಮೈದಾನ ಕೆಸರು, ಸಿಮೆಂಟ್ ಅಂಗಳದ ಮೇಲೆ ಪಾಚಿ. ಅರಸೀಕೆರೆ, ಕಡೂರಿನ ಕಡೆ ಹದ ಮಳೆ ಬೀಳದಿದ್ದರೆ ನೆಲ ಗಟ್ಟಿ, ಮೇಲೆ ಸಣ್ಣ ಗರಸು. ಎರಡೂ ಜಾಗದಲ್ಲಿ ಗಾಯ ಆಗುತ್ತದೆ, ಆದರೆ ಬೇರೆ ಬೇರೆ ಗಾಯ. ಕೆಸರಿನಲ್ಲಿ ಜಾರಿ ಕೈ ಊರುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಗಟ್ಟಿ ನೆಲದಲ್ಲಿ ಹಿಮ್ಮಡಿ, ಮಂಡಿ ನೋಯುತ್ತದೆ, ಚರ್ಮ ತರಚುತ್ತದೆ.

ಹಾಗಾಗಿ ನನ್ನ ಮೊದಲ ಕೋರಿಕೆ: ಜೂನ್ ತಿಂಗಳನ್ನು ಬಿಟ್ಟುಕೊಡಬೇಡಿ. ಪೂರ್ತಿ ಪೀರಿಯಡ್ ಸಿಗದಿದ್ದರೆ ಹದಿನೈದು ನಿಮಿಷ ಸಾಕು, ವಾರಕ್ಕೆ ಮೂರು ಸಲ. ಮೊದಲ ವಾರ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಹತ್ತು ನಿಮಿಷ. ಎರಡನೇ ವಾರ ನಲವತ್ತು ಮೀಟರ್ ಆರು ಸಲ, ಮುಕ್ಕಾಲು ವೇಗದಲ್ಲಿ, ಮಾತಾಡುತ್ತ ನಡೆದು ವಾಪಸ್. ಪೂರ್ತಿ ವೇಗ ಮೂರನೇ ವಾರಕ್ಕೆ ಬರಲಿ, ಅದೂ ನಾಲ್ಕು ಓಟ, ನಡುವೆ ಎರಡು ನಿಮಿಷ ಬಿಡುವು. ಜಿಗಿತವನ್ನು ಎಣಿಸಿ. ಮೊದಲ ವಾರ ಇಪ್ಪತ್ತು ಸಲ ನೆಲಕ್ಕಿಳಿದರೆ ಮುಂದಿನ ವಾರ ಇಪ್ಪತ್ತೈದು, ಅದರ ಮುಂದಿನ ವಾರ ಮೂವತ್ತು. ವಾರಕ್ಕೆ ಶೇಕಡ ಹತ್ತು ಮಾತ್ರ ಹೆಚ್ಚಿಸಬೇಕು ಅನ್ನುವ ಸೂತ್ರ ನೀವು ಕೇಳಿರಬಹುದು. ಅದರ ಹಿಂದೆ ಬಲವಾದ ಆಧಾರವೇನಿಲ್ಲ. ಒಂದೇ ವಾರದಲ್ಲಿ ಎರಡು ಪಟ್ಟು ಮಾಡಬೇಡಿ ಅನ್ನುವಷ್ಟು ಅರ್ಥ ಅದರಿಂದ ತೆಗೆದುಕೊಂಡರೆ ಸಾಕು.

ಈಗ ಮೂಳೆಯ ವಿಷಯ. ದೊಡ್ಡವರ ಕಾಲು ತಿರುಚಿದರೆ ಸಾಮಾನ್ಯವಾಗಿ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ನಾರು, ಹರಿಯುತ್ತದೆ, ಮೂಳೆ ಉಳಿಯುತ್ತದೆ. ಹದಿಮೂರರ ಹುಡುಗನಲ್ಲಿ ಲೆಕ್ಕ ಬೇರೆ. ಅವನ ಉದ್ದ ಮೂಳೆಗಳ ತುದಿಯ ಹತ್ತಿರ ಮೃದ್ವಸ್ಥಿಯ ಒಂದು ತೆಳುವಾದ ಪದರ ಇದೆ, ಗ್ರೋತ್ ಪ್ಲೇಟ್ ಅನ್ನುತ್ತಾರೆ. ಮೂಳೆ ಉದ್ದ ಆಗುವುದು ಅಲ್ಲೇ. ಪಕ್ಕದ ಲಿಗಮೆಂಟಿಗಿಂತ ಅದು ದುರ್ಬಲ. ದೊಡ್ಡವರಲ್ಲಿ ಲಿಗಮೆಂಟ್ ಹರಿಸುವ ಏಟು ಮಕ್ಕಳಲ್ಲಿ ಈ ಪದರವನ್ನು ಜಾರಿಸಬಹುದು, ಸೀಳಬಹುದು. ಹುಡುಗಿಯರಲ್ಲಿ ಕಾಲಿನ ಗಿಣ್ಣಿನ ಹತ್ತಿರದ ಪದರ ಸುಮಾರು 14-15ಕ್ಕೆ ಮುಚ್ಚಿಕೊಳ್ಳುತ್ತದೆ, ಹುಡುಗರಲ್ಲಿ 16-17ಕ್ಕೆ. ಅಂದರೆ ನಿಮ್ಮ ಎಂಟು, ಒಂಬತ್ತನೇ ತರಗತಿಯ ಬಹುತೇಕ ಹುಡುಗರಲ್ಲಿ ಅದು ಇನ್ನೂ ತೆರೆದೇ ಇದೆ.

ಇನ್ನೊಂದು ತೊಡಕು. ಈ ಪದರ ಸ್ವಲ್ಪವೇ ಜಾರಿ ಮತ್ತೆ ಜಾಗಕ್ಕೆ ಕೂತಿದ್ದರೆ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. "ಎಕ್ಸ್‌ರೇ ನಾರ್ಮಲ್, ಏನೂ ಆಗಿಲ್ಲ" ಅಂತ ಪೋಷಕರು ಹೇಳುತ್ತಾರೆ, ಹುಡುಗ ಮಾತ್ರ ಮೂಳೆಯ ಮೇಲೆ ಬೆರಳಿಟ್ಟರೆ ಕಿರುಚುತ್ತಾನೆ. ಅಂಥ ಮಗುವನ್ನು ಮತ್ತೆ ಮೂಳೆ ವೈದ್ಯರ ಹತ್ತಿರವೇ ಕಳಿಸಿ. ಹತ್ತು, ಹದಿನಾಲ್ಕು ದಿನ ಬಿಟ್ಟು ತೆಗೆದ ಎಕ್ಸ್‌ರೇಯಲ್ಲಿ ಕೂಡುತ್ತಿರುವ ಗುರುತು ಕಾಣಬಹುದು. ಈ ಪದರಕ್ಕೆ ಪೆಟ್ಟಾಗಿ ಸರಿಯಾಗಿ ಕೂಡದಿದ್ದರೆ ಆ ಮೂಳೆಯ ಬೆಳವಣಿಗೆ ನಿಂತುಹೋಗಬಹುದು, ಇಲ್ಲವೇ ಒಂದು ಪಕ್ಕಕ್ಕೆ ಮಾತ್ರ ಬೆಳೆದು ಕಾಲು ಸೊಟ್ಟಗಾಗಬಹುದು. ಅದು ಗೊತ್ತಾಗುವುದು ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ. ಅಷ್ಟು ಹೊತ್ತಿಗೆ ಖೋ-ಖೋ ಪಂದ್ಯದ ನೆನಪು ಯಾರಿಗೂ ಇರುವುದಿಲ್ಲ.

ಆದ್ದರಿಂದ ಮೈದಾನದಲ್ಲಿ ಕಾಲು ತಿರುಚಿಕೊಂಡ ಮಗುವಿನ ಬಗ್ಗೆ "ಉಳುಕು" ಅನ್ನುವ ತೀರ್ಪನ್ನು ನಾವು ಕೊಡಬಾರದು. ನೋಡಿ ನಿರ್ಧರಿಸುವುದಕ್ಕೆ ಒಂದು ಸರಳ ಕ್ರಮ ಇದೆ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮ, ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಯಾರಿಗೆ ಎಕ್ಸ್‌ರೇ ಬೇಕು, ಯಾರಿಗೆ ಬೇಡ ಅಂತ ವೈದ್ಯರು ನಿರ್ಧರಿಸುವುದಕ್ಕೆ ಮಾಡಿದ್ದು, ಆದರೆ ನಿಮಗೂ ಬರುತ್ತದೆ. ಮಗುವನ್ನು ಕೂರಿಸಿ, ಶೂ ಬಿಚ್ಚಿಸಿ, ಎರಡೂ ಕಾಲು ಪಕ್ಕಪಕ್ಕ ಇಟ್ಟು ನೋಡಿ. ಮೂಳೆ ವಾರೆಯಾಗಿ ಕಾಣುತ್ತಿದ್ದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು, ಆಸ್ಪತ್ರೆ. ಇಲ್ಲದಿದ್ದರೆ ಹೊರಗಿನ ಗಿಣ್ಣಿನ ತುದಿಯಿಂದ ಮೇಲಕ್ಕೆ ಆರು ಸೆಂಟಿಮೀಟರ್, ಅಂದರೆ ನಾಲ್ಕು ಬೆರಳಗಲ, ಅದರ ಹಿಂದಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ. ಒಳಗಿನ ಗಿಣ್ಣಿಗೂ ಹಾಗೇ. ಆಮೇಲೆ ಪಾದದ ಹೊರ ಅಂಚಿನ ನಡುವೆ ಉಬ್ಬಿದ ಮೂಳೆ, ಪಾದದ ಒಳ ಅಂಚಿನಲ್ಲಿ ಗಿಣ್ಣಿನ ಮುಂದೆ ಸಿಗುವ ಉಬ್ಬು. ಈ ನಾಲ್ಕರಲ್ಲಿ ಎಲ್ಲಾದರೂ ಮೂಳೆಯ ಮೇಲೆಯೇ ನೋವು ಇದ್ದರೆ ಎಕ್ಸ್‌ರೇ ಬೇಕು. ನಾಲ್ಕು ಹೆಜ್ಜೆ ಹಾಕಲು ಆಗದಿದ್ದರೂ ಬೇಕು. ಕುಂಟಿಕೊಂಡು ನಡೆದರೂ ಹೆಜ್ಜೆ ಲೆಕ್ಕಕ್ಕೆ ಬರುತ್ತದೆ, ಎಡಗಾಲಿಗೆ ಎರಡು, ಬಲಗಾಲಿಗೆ ಎರಡು. ಮಕ್ಕಳಿಗೆ ನನ್ನದೊಂದು ಸೇರ್ಪಡೆ: ಈ ಪರೀಕ್ಷೆಯಲ್ಲಿ ಪಾಸಾದರೂ ಮಾರನೇ ದಿನ ಅದೇ ಜಾಗ ಮತ್ತೆ ಒತ್ತಿ ನೋಡಿ.

ಇನ್ನು ನೀವುವುದು. ಕಾಲು ಉಳುಕಿದ ಕೂಡಲೇ ಎಣ್ಣೆ ಹಚ್ಚಿ ನೀವುವವರು ನಮ್ಮಲ್ಲಿ ಪ್ರತಿ ಊರಿನಲ್ಲೂ ಇದ್ದಾರೆ. ಶಾಲೆಯಲ್ಲೇ ಯಾರಾದರೊಬ್ಬರು ಹಿರಿಯ ಹುಡುಗ ಬಂದು "ಚಟ್ ಅನ್ನಿಸ್ತೀನಿ ಸಾರ್" ಅನ್ನುತ್ತಾನೆ. ಎಳೆದು ತಿರುಗಿಸಿದಾಗ ಆಗುವುದೇನು ಅಂದರೆ, ಹರಿದ ಸಣ್ಣ ರಕ್ತನಾಳಗಳಿಂದ ಇನ್ನಷ್ಟು ರಕ್ತ ಒಸರುತ್ತದೆ, ಬಾವು ಹೆಚ್ಚುತ್ತದೆ. ಗ್ರೋತ್ ಪ್ಲೇಟ್ ಜಾರಿದ್ದರೆ ಇನ್ನಷ್ಟು ಜಾರುತ್ತದೆ. ಉರಿಯುವ ಮುಲಾಮು, ಬಿಸಿ ನೀರಿನ ಶಾಖ, ಇವೂ ಮೊದಲ ಎರಡು ದಿನ ಬೇಡ. ಸ್ಪ್ರೇ ಹೊಡೆದರೆ ಚರ್ಮ ತಣ್ಣಗಾಗಿ ನೋವು ಮರೆಯಾಗುತ್ತದೆ, ಒಳಗೆ ಏನೂ ಬದಲಾಗುವುದಿಲ್ಲ. ಅದರ ಅಪಾಯವೇ ಅದು, ಹುಡುಗ ಎದ್ದು ಮತ್ತೆ ಓಡುತ್ತಾನೆ.

ಮಾಡಬೇಕಾದ್ದು: ಆಟ ನಿಲ್ಲಿಸಿ, ಕಾಲನ್ನು ಹೃದಯಕ್ಕಿಂತ ಮೇಲೆ ಇಟ್ಟು ಮಲಗಿಸಿ, ಐಸ್ ಇಡಿ. ಐಸನ್ನು ನೇರ ಚರ್ಮಕ್ಕೆ ತಾಗಿಸಬೇಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ, ಆಮೇಲೆ ಎರಡು ಮೂರು ಗಂಟೆ ಬಿಟ್ಟು ಮತ್ತೆ. ಹಳ್ಳಿ ಶಾಲೆಯಲ್ಲಿ ಐಸ್ ಎಲ್ಲಿಂದ ತರೋಣ ಅಂತ ಕೇಳುತ್ತೀರಿ. ಬೆಂಗಳೂರಿನ ಬೀದಿ ಬೀದಿಯಲ್ಲಿ ಬೇಕರಿ ಇಟ್ಟವರು ನಮ್ಮ ಜಿಲ್ಲೆಯವರು, ನಮ್ಮ ಬಸ್‌ಸ್ಟ್ಯಾಂಡಿನಲ್ಲೂ ಒಂದು ಬೇಕರಿ, ಅದರಲ್ಲೊಂದು ಫ್ರಿಜ್ ಇದ್ದೇ ಇರುತ್ತದೆ. ಮೊದಲೇ ಹೇಳಿಟ್ಟಿರಿ, ಎರಡು ಪಾಕೆಟ್ ನೀರು ಗಟ್ಟಿ ಮಾಡಿ ಇಟ್ಟುಕೊಡುತ್ತಾರೆ. ಅದೂ ಇಲ್ಲದಿದ್ದರೆ ಬಾವಿಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಮೂರು ನಾಲ್ಕು ನಿಮಿಷಕ್ಕೊಮ್ಮೆ ಬದಲಿಸುತ್ತ ಹಾಕಿ. ಆಮೇಲೆ ಕ್ರೇಪ್ ಬ್ಯಾಂಡೇಜ್. ಬೆರಳಿನ ಬುಡದಿಂದ ಶುರು ಮಾಡಿ ಮೇಲಕ್ಕೆ, ಒಂದು ಸುತ್ತು ಇನ್ನೊಂದರ ಅರ್ಧ ಮುಚ್ಚುವ ಹಾಗೆ. ಕಟ್ಟಿದ ಮೇಲೆ ಕಾಲ್ಬೆರಳಿನ ಉಗುರು ಒತ್ತಿ ಬಿಡಿ. ಬಿಳಿಚಿದ್ದು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಆಗದಿದ್ದರೆ, ಬೆರಳು ತಣ್ಣಗಿದ್ದರೆ, ಜೋಮು ಹಿಡಿದರೆ ಕಟ್ಟು ಬಿಗಿಯಾಗಿದೆ, ಬಿಚ್ಚಿ.

ಬಿಗಿ ಕಟ್ಟಿನ ವಿಷಯದಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಮೊಣಕೈ ಹತ್ತಿರ ಮುರಿದಾಗ ನಾಟಿ ಕಟ್ಟಿಗೆ ಕರೆದುಕೊಂಡು ಹೋಗುವುದು ನಮ್ಮ ಕಡೆ ಇನ್ನೂ ಇದೆ. ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟುತ್ತಾರೆ. ಒಳಗೆ ಬಾವು ಏರುತ್ತಲೇ ಇರುತ್ತದೆ, ಕಟ್ಟು ಸಡಿಲ ಆಗುವುದಿಲ್ಲ. ಮುಂಗೈ ಸ್ನಾಯುಗಳಿಗೆ ರಕ್ತ ನಿಲ್ಲುತ್ತದೆ. ಆರು ಗಂಟೆ ಮೀರಿದರೆ ಸ್ನಾಯು ಸಾಯತೊಡಗುತ್ತದೆ, ಆಮೇಲೆ ಬೆರಳು ಮಡಚಿಕೊಂಡೇ ಉಳಿಯುವ ಕೈ. ಗುರುತು ಏನು ಅಂದರೆ, ಕಟ್ಟಿದ ಮೇಲೂ ನೋವು ಏರುತ್ತಲೇ ಇರುತ್ತದೆ, ಮಗುವಿನ ಬೆರಳನ್ನು ನೀವು ಮೆಲ್ಲಗೆ ನೆಟ್ಟಗೆ ಮಾಡಿದರೆ ಮುಂಗೈಯಲ್ಲಿ ಅಸಾಧ್ಯ ನೋವು. "ನೋವು ಸಹಜ, ತಡ್ಕೋ" ಅಂತ ಹೇಳುವ ನೋವಲ್ಲ ಅದು. ಪೋಷಕರಿಗೆ ಇದೊಂದನ್ನು ತಿಳಿಸಿಬಿಡಿ. ನಂಬಿಕೆಯ ಜೊತೆ ವಾದ ಬೇಡ. ಮೊದಲು ಎಕ್ಸ್‌ರೇ ತೆಗೆಸೋಣ ಅನ್ನಿ, ಅಷ್ಟಕ್ಕೆ ಬಹಳ ಜನ ಒಪ್ಪುತ್ತಾರೆ.

ಕೈ ಮುರಿತದ ಮಾತು ಬಂತು. ಮಣಿಕಟ್ಟಿನ ಹತ್ತಿರದ ಮುರಿತ ಹುಡುಗಿಯರಲ್ಲಿ 11-12ರ ಸುಮಾರಿಗೆ, ಹುಡುಗರಲ್ಲಿ 13-14ರ ಸುಮಾರಿಗೆ ಅತಿ ಹೆಚ್ಚು. ಮಕ್ಕಳು ಸರ್ರನೆ ಎತ್ತರ ಬೆಳೆಯುವ ಕಾಲ ಅದು. ಮೂಳೆ ಉದ್ದವಾಗುವ ವೇಗಕ್ಕೆ ಸುಣ್ಣ ತುಂಬುವ ವೇಗ ಸಾಲದು, ಕೆಲವು ತಿಂಗಳು ಮೂಳೆ ಟೊಳ್ಳಾಗಿಯೇ ಇರುತ್ತದೆ. ಬೇಸಿಗೆ ರಜೆ ಕಳೆದು ಬಂದ ಹುಡುಗನ ಪ್ಯಾಂಟು ಗಿಣ್ಣಿನ ಮೇಲಕ್ಕೆ ಏರಿದ್ದರೆ ಅವನ ಮೇಲೆ ಒಂದು ಕಣ್ಣಿರಲಿ. ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಬರೆದುಕೊಳ್ಳಿ, ಸೀಮೆಸುಣ್ಣದ ಗೆರೆ ಸಾಕು. ಮೂರು ತಿಂಗಳಲ್ಲಿ ಎರಡೂವರೆ, ಮೂರು ಸೆಂಟಿಮೀಟರ್ ಬೆಳೆದವನ ಜಿಗಿತ ಕಡಿಮೆ ಮಾಡಿ. ಅವನ ಕಾಲು ಎಲ್ಲಿಗೆ ಬೀಳುತ್ತದೆ ಅನ್ನುವ ಅಂದಾಜು ಅವನ ಮಿದುಳಿಗೇ ಇನ್ನೂ ಸಿಕ್ಕಿರುವುದಿಲ್ಲ.

ಕೈ ಮುರಿದಿದೆ ಅನ್ನಿಸಿದರೆ ನೆಟ್ಟಗೆ ಮಾಡಲು ಹೋಗಬೇಡಿ. ಹೇಗಿದೆಯೋ ಹಾಗೇ ಕಟ್ಟಬೇಕು. ನಿಮ್ಮ ಶಾಲೆಯಲ್ಲಿ ಇರುವ ಅತ್ಯುತ್ತಮ ಸ್ಪ್ಲಿಂಟ್, ಅಂದರೆ ಮುರಿದ ಕೈ ಅಲುಗದಂತೆ ಇಡುವ ಆಸರೆ, ಮಕ್ಕಳು ಪರೀಕ್ಷೆಗೆ ತರುವ ರಟ್ಟು. ಮೊಣಕೈಯಿಂದ ಬೆರಳಿನ ಬುಡದವರೆಗೆ ರಟ್ಟು ಇಟ್ಟು, ಕೆಳಗೆ ಒಂದು ಮಡಚಿದ ಟವಲ್, ಮುರಿದ ಜಾಗವನ್ನು ಬಿಟ್ಟು ಅದರ ಆಚೆ ಈಚೆ ಎರಡು ಕಡೆ ಕಟ್ಟಿ. ಹುಡುಗಿಯರ ವೇಲ್ ಕುತ್ತಿಗೆಗೆ ಹಾಕಿ ಕೈ ತೂಗಿಸಿ. ಉಂಗುರ, ದಾರ, ಬಳೆ ಇದ್ದರೆ ಬಾವು ಏರುವ ಮುಂಚೆ ತೆಗೆಸಿ. ಆಪರೇಶನ್ ಬೇಕಾಗಬಹುದು ಅನ್ನಿಸುವಂತೆ ಸೊಟ್ಟಗಾಗಿದ್ದರೆ ತಿನ್ನಲು ಕೊಡಬೇಡಿ. ಯಾರೋ ಓಡಿಹೋಗಿ ಕಾಫಿ, ಬಿಸ್ಕತ್ತು ತಂದುಬಿಡುತ್ತಾರೆ, ಪ್ರೀತಿಯಿಂದಲೇ. ಅದರಿಂದ ಅರಿವಳಿಕೆ ಕೊಡುವುದು ಗಂಟೆಗಟ್ಟಲೆ ತಡವಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಬಿದ್ದಾಗ ಆಗುವ ಗಾಯ. ಬೀಳದೆಯೇ ಬರುವ ನೋವುಗಳೂ ಇವೆ, ಅವು ಸದ್ದಿಲ್ಲದೆ ಬರುತ್ತವೆ. ಮಂಡಿ ಚಿಪ್ಪಿನ ಕೆಳಗೆ, ಕೆಳಗಾಲಿನ ಮೂಳೆಯ ಮೇಲೆ ಒಂದು ಗಂಟು ಎದ್ದು, ಮಂಡಿಯೂರಿದರೆ, ಮೆಟ್ಟಿಲು ಇಳಿದರೆ ನೋಯುವ ಹುಡುಗರು ನಿಮಗೆಲ್ಲ ಗೊತ್ತು. ತೊಡೆಯ ದೊಡ್ಡ ಸ್ನಾಯು ತನ್ನ ಬುಡವನ್ನು, ಅಲ್ಲಿನ ಗ್ರೋತ್ ಪ್ಲೇಟನ್ನು, ಪ್ರತಿ ಜಿಗಿತದಲ್ಲೂ ಎಳೆಯುತ್ತದೆ. ವೈದ್ಯರು ಆಸ್‌ಗುಡ್-ಶ್ಲಾಟರ್ ಅನ್ನುತ್ತಾರೆ. ಹಿಮ್ಮಡಿಯ ಹಿಂಭಾಗದಲ್ಲಿ ಬರುವುದು ಇದರ ತಮ್ಮ, ಸ್ವಲ್ಪ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ. ಎರಡಕ್ಕೂ ಪೂರ್ತಿ ಮಲಗಿಸುವ ಅಗತ್ಯ ಇಲ್ಲ. ಹತ್ತಕ್ಕೆ ಎಷ್ಟು ನೋವು ಅಂತ ಕೇಳಿ. ಮೂರರವರೆಗೆ ಇದ್ದು, ಮಾರನೇ ಬೆಳಿಗ್ಗೆಗೆ ಇಳಿದಿದ್ದರೆ ಆಡಲಿ, ಜಿಗಿತ ಅರ್ಧಕ್ಕಿಳಿಸಿ. ಕುಂಟುವಷ್ಟು ನೋವಿದ್ದರೆ ಎರಡು ಮೂರು ವಾರ ಓಟ, ಜಿಗಿತ ನಿಲ್ಲಿಸಿ. ಬೆಳವಣಿಗೆ ಮುಗಿದ ಮೇಲೆ ನೋವು ತಾನಾಗಿ ಹೋಗುತ್ತದೆ, ಗಂಟು ಮಾತ್ರ ಉಳಿಯಬಹುದು.

ಆದರೆ ಮಂಡಿ ನೋವು ಅಂತ ಬಂದು ಮಂಡಿಯಲ್ಲಿ ಏನೂ ಸಿಗದ ಒಂದು ಮಗು ಇರುತ್ತದೆ. ಸಾಮಾನ್ಯವಾಗಿ ದಪ್ಪಗಿರುವ ಹುಡುಗ, 12ರಿಂದ 15 ವಯಸ್ಸು, ಕಾಲನ್ನು ಸ್ವಲ್ಪ ಹೊರಕ್ಕೆ ತಿರುಗಿಸಿಕೊಂಡು ಕುಂಟುತ್ತಾನೆ. ಮಲಗಿಸಿ ಮಂಡಿ ಮಡಚಿ ಎದೆಯ ಕಡೆ ತಂದರೆ ತೊಡೆ ನೆಟ್ಟಗೆ ಬರದೆ ಹೊರಕ್ಕೆ ಹೋಗುತ್ತದೆ. ತೊಂದರೆ ಇರುವುದು ಸೊಂಟದ ಕೀಲಿನಲ್ಲಿ, ತೊಡೆ ಮೂಳೆಯ ತಲೆ ತನ್ನ ಗ್ರೋತ್ ಪ್ಲೇಟಿನಿಂದ ಜಾರುತ್ತಿದೆ. ಅವನನ್ನು ಸೋಮಾರಿ ಅಂದು ಇನ್ನೊಂದು ಸುತ್ತು ಓಡಿಸಿದರೆ ಆ ತಲೆ ಪೂರ್ತಿ ಜಾರಿ ಅದಕ್ಕೆ ರಕ್ತ ಹೋಗುವುದೇ ನಿಲ್ಲಬಹುದು. ಅವನನ್ನು ಅವತ್ತೇ, ನಡೆಸದೆ, ಗಾಡಿಯಲ್ಲಿ ಕೂರಿಸಿ ಮೂಳೆ ವೈದ್ಯರಿರುವ ಆಸ್ಪತ್ರೆಗೆ ಕಳಿಸಬೇಕು. ನಾನು ಇವತ್ತು ಹೇಳಿದ್ದರಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ.

ವೇಗದ ಬೌಲರ್‌ಗಳ ಬಗ್ಗೆ ಚುಟುಕಾಗಿ. ವೇಗದ ಬೌಲರ್ ಜಾವಗಲ್ ಶ್ರೀನಾಥರ ಹೆಸರಿನಲ್ಲಿರುವ ಊರು ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನದು, ಹಾಗಾಗಿ ಈ ಕಡೆ ಉದ್ದ ಕಾಲಿನ ಹುಡುಗ ಸಿಕ್ಕರೆ ಅವನ ಕೈಗೆ ಚೆಂಡು ಕೊಡದೆ ಇರುವುದಿಲ್ಲ. ಭಾನುವಾರ ಟೆನಿಸ್ ಬಾಲ್ ಪಂದ್ಯ, ಸೋಮವಾರ ಶಾಲೆ, ಸಂಜೆ ಕ್ಲಬ್ಬು. ಬೆನ್ನಿನ ಕೆಳಭಾಗದ ಒಂದು ಪಕ್ಕ, ಸಾಮಾನ್ಯವಾಗಿ ಬೌಲಿಂಗ್ ಕೈಯ ಎದುರು ಪಕ್ಕ, ಹಿಂದಕ್ಕೆ ಬಾಗಿದರೆ ನೋಯುತ್ತಿದ್ದು ಎರಡು ವಾರ ದಾಟಿದರೆ ಬೆನ್ನೆಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಬೌಲಿಂಗ್ ನಿಲ್ಲಿಸಿ ತೋರಿಸಿ.

ಈಗ ತಡೆಯುವ ಮಾತು. ಅರವತ್ತು ಮಕ್ಕಳು, ಒಬ್ಬರೇ ಶಿಕ್ಷಕರು, ನಲವತ್ತು ನಿಮಿಷ. ಇದು ನಿಮ್ಮ ವಾಸ್ತವ. ಸಾಲಾಗಿ ನಿಂತು ಕಾಲ್ಬೆರಳು ಮುಟ್ಟಿ ಹತ್ತು ಎಣಿಸುವ ಹಳೆಯ ವ್ಯಾಯಾಮದಿಂದ ಗಾಯ ಕಡಿಮೆ ಆಗುವುದಿಲ್ಲ. ಚಲನೆಯಲ್ಲೇ ಮೈ ಬಿಸಿ ಆಗಬೇಕು. ಫುಟ್‌ಬಾಲ್‌ನವರ ಇಪ್ಪತ್ತು ನಿಮಿಷದ 11+ ಅನ್ನುವ ಮೈ ಬಿಸಿ ಮಾಡುವ ಕ್ರಮ ಇದೆ, ತಪ್ಪದೆ ಮಾಡಿದ ತಂಡಗಳಲ್ಲಿ ಗಾಯ ಕಡಿಮೆಯಾಗಿದ್ದು ಅಧ್ಯಯನಗಳಲ್ಲಿ ಕಂಡಿದೆ. ನಮ್ಮ ಪೀರಿಯಡ್ಡಿಗೆ ಅದನ್ನು ಹತ್ತು ನಿಮಿಷಕ್ಕೆ ಇಳಿಸಬಹುದು. ಎರಡು ನಿಮಿಷ ನಿಧಾನ ಓಟ, ಅದರಲ್ಲೇ ಪಕ್ಕಕ್ಕೆ, ಹಿಂದಕ್ಕೆ. ಮಂಡಿ ಎತ್ತಿ ಓಟ, ಹಿಮ್ಮಡಿ ಪೃಷ್ಠಕ್ಕೆ ತಾಗಿಸಿ ಓಟ, ಇಪ್ಪತ್ತು ಮೀಟರ್ ಎರಡೆರಡು ಸಲ. ದೊಡ್ಡ ಹೆಜ್ಜೆ ಹಾಕಿ ಮಂಡಿ ಬಗ್ಗಿಸುವುದು ಕಾಲಿಗೆ ಎಂಟು. ಒಂದೇ ಕಾಲಿನಲ್ಲಿ ನಿಂತು ಜೊತೆಗಾರನ ಕಡೆ ಚೆಂಡು ಎಸೆದು ಹಿಡಿಯುವುದು, ಕಾಲಿಗೆ ಮೂವತ್ತು ಸೆಕೆಂಡು. ಆಮೇಲೆ ಜಿಗಿದು ಇಳಿಯುವುದು ಆರು ಸಲ. ಕೊನೆಗೆ ಇಪ್ಪತ್ತು ಮೀಟರ್ ವೇಗದ ಓಟ ಎರಡು.

ಈ ಜಿಗಿದು ಇಳಿಯುವುದರಲ್ಲಿ ಹುಡುಗಿಯರನ್ನು ಮುಂದಿನಿಂದ ನಿಂತು ನೋಡಿ. ನೆಲಕ್ಕೆ ಬಂದಾಗ ಎರಡು ಮಂಡಿ ಒಳಕ್ಕೆ ಬಾಗಿ ಒಂದಕ್ಕೊಂದು ಹತ್ತಿರವಾದರೆ ಮಂಡಿಯೊಳಗಿನ ಎಸಿಎಲ್ ಲಿಗಮೆಂಟಿಗೆ ಅಪಾಯ. ಮೈನೆರೆದ ಮೇಲೆ ಹುಡುಗಿಯರಲ್ಲಿ ಈ ಗಾಯ ಹುಡುಗರಿಗಿಂತ ಹಲವು ಪಟ್ಟು ಹೆಚ್ಚು. "ಮಂಡಿ ಬಗ್ಗಿಸು, ಮಂಡಿ ಕಾಲ್ಬೆರಳಿನ ಮೇಲೇ ಇರಲಿ, ಸದ್ದಾಗದ ಹಾಗೆ ಇಳಿ", ಈ ಮೂರು ಮಾತು ಸಾಕು. ಸದ್ದಾಗದ ಹಾಗೆ ಅನ್ನುವುದು ಮಕ್ಕಳಿಗೆ ಬೇಗ ಹಿಡಿಸುತ್ತದೆ, ಸ್ಪರ್ಧೆ ಕಟ್ಟಿ ಆಡುತ್ತಾರೆ.

ಜೋಡಿ ಮಾಡುವಾಗ ತರಗತಿ ನೋಡಬೇಡಿ, ಗಾತ್ರ ನೋಡಿ. ಎಂಟನೇ ತರಗತಿಯಲ್ಲೇ ಮೀಸೆ ಚಿಗುರಿದ ಐವತ್ತೈದು ಕಿಲೋದವನೂ ಮೂವತ್ತೆರಡು ಕಿಲೋದವನೂ ಇರುತ್ತಾರೆ. ಕಬಡ್ಡಿಯಲ್ಲಿ ಇವರಿಬ್ಬರು ಎದುರಾದರೆ ಸಣ್ಣವನ ಹೆಗಲು, ಕುತ್ತಿಗೆಗೆ ಪೆಟ್ಟು. ಹಿಡಿತದಲ್ಲಿ ಹೊಸಬರಿಗೆ ಮೊದಲು ತೊಡೆ ಹಿಡಿಯುವುದನ್ನು ಕಲಿಸಿ. ಓಡುವವನ ಒಂದೇ ಪಾದ ಹಿಡಿದು ತಿರುಚಿ ಎಳೆಯುವುದನ್ನು ಅಭ್ಯಾಸದಲ್ಲಿ ನಿಷೇಧಿಸಿ. ಈಗ ಶಾಲೆಗಳಿಗೂ ಮ್ಯಾಟ್ ಬರುತ್ತಿದೆ. ಮಣ್ಣಿನಲ್ಲಿ ಪಾದ ಸ್ವಲ್ಪ ಜಾರುತ್ತದೆ, ಮ್ಯಾಟ್ ಮೇಲೆ ಶೂ ಕಚ್ಚಿಕೊಳ್ಳುತ್ತದೆ, ಮೈ ತಿರುಗಿದರೂ ಪಾದ ತಿರುಗುವುದಿಲ್ಲ, ನಡುವಿನ ಮಂಡಿ ಬೆಲೆ ಕೊಡುತ್ತದೆ. ಮಣ್ಣಿನಿಂದ ಮ್ಯಾಟಿಗೆ ಹೋಗುವ ತಂಡಕ್ಕೆ ಪಂದ್ಯದ ಹಿಂದಿನ ದಿನ ಮ್ಯಾಟ್ ತೋರಿಸಿದರೆ ಸಾಲದು, ಒಂದು ವಾರ ಬೇಕು. ಮ್ಯಾಟ್ ತುಂಡುಗಳ ಸಂದಿನಲ್ಲಿ ಬೆರಳು ಸಿಗುತ್ತದಾ ಅಂತ ಕೈಯಾಡಿಸಿ ನೋಡಿ. ಉಗುರು ಕತ್ತರಿಸಿ.

ಇನ್ನು ಮೈದಾನ. ಪೀರಿಯಡ್ಡಿಗೆ ಮುಂಚೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಒಂದು ಸುತ್ತು ನಡೆಯಿರಿ. ಗಾಜಿನ ಚೂರು, ಹಿಂದಿನ ವರ್ಷದ ಶಾಮಿಯಾನದ ಗೂಟ, ಕಿತ್ತ ಕಂಬದ ಬುಡದ ಕಬ್ಬಿಣ, ಇಲಿ ಬಿಲ. ಮಲೆನಾಡಿನ ಪಾಚಿ ಕಟ್ಟಿದ ಸಿಮೆಂಟ್ ಅಂಗಳಕ್ಕೆ ಶನಿವಾರ ಬ್ಲೀಚಿಂಗ್ ಪೌಡರ್ ಎರಚಿ ಗಡಸು ಪೊರಕೆಯಲ್ಲಿ ಉಜ್ಜಿ ತೊಳೆಯಿರಿ. ಅಷ್ಟು ಮಾಡಿಯೂ ಮಳೆ ದಿನ ಅದರ ಮೇಲೆ ಓಟ ಬೇಡ, ವರಾಂಡದಲ್ಲಿ ಒಂಟಿ ಕಾಲಿನ ಸಮತೋಲನ, ಸ್ಕ್ವಾಟ್, ಪ್ಲ್ಯಾಂಕ್ ಮಾಡಿಸಿ. ಸರ್ಕಾರ ಕೊಡುವ ಕಪ್ಪು ಶೂ ತರಗತಿಗೆ ಸರಿ. ಅದರ ಅಟ್ಟೆ ನುಣುಪು, ಒದ್ದೆ ಹುಲ್ಲಿನ ಮೇಲೆ ಅದಕ್ಕಿಂತ ಬರಿಗಾಲು ವಾಸಿ, ನೆಲ ಗುಡಿಸಿದ್ದರೆ ಮಾತ್ರ.

ಲಾಂಗ್ ಜಂಪ್ ಗುಂಡಿಯಲ್ಲಿ ಈಚೆಗೆ ಹೊಸ ತೊಂದರೆ ಇದೆ. ಹೊಳೆ ಮರಳು ಸಿಗುವುದಿಲ್ಲ ಅಂತ ಎಂ-ಸ್ಯಾಂಡ್ ತುಂಬುತ್ತಾರೆ. ಎಂ-ಸ್ಯಾಂಡ್ ಕಲ್ಲು ಪುಡಿ ಮಾಡಿದ್ದು, ಕಣ ಚೂಪು, ಜೊತೆಗೆ ನುಣ್ಣನೆ ಹುಡಿ. ಒಂದು ಮಳೆ ಬಿದ್ದು ಒಣಗಿದರೆ ಕಾಂಕ್ರೀಟಿನಂತೆ ಕಚ್ಚಿಕೊಳ್ಳುತ್ತದೆ. ಅದು ಕಟ್ಟಡಕ್ಕೆ ಬೇಕಾದ ಗುಣ, ಹಿಮ್ಮಡಿಗೆ ಬೇಡದ್ದು. ಹೊಳೆ ಮರಳು ಸಿಗದಿದ್ದರೆ ಎಂ-ಸ್ಯಾಂಡನ್ನು ತೊಳೆದು ಹುಡಿ ತೆಗೆದು, ಪ್ರತಿ ಅಭ್ಯಾಸಕ್ಕೂ ಮುಂಚೆ ಗುದ್ದಲಿಯಲ್ಲಿ ಒಂದು ಅಡಿ ಆಳ ಅಗೆದು ಸಡಿಲ ಮಾಡಿ. ಮೇಲೆ ಕೆರೆದರೆ ಸಾಲದು. ಮರಳಿನ ಮಟ್ಟ ಓಡಿಬರುವ ದಾರಿಯ ಮಟ್ಟಕ್ಕೆ ಸಮ ಇರಲಿ. ತಗ್ಗಿದ್ದರೆ ಮಗು ಅಂದುಕೊಂಡದ್ದಕ್ಕಿಂತ ತಡವಾಗಿ ನೆಲ ಮುಟ್ಟುತ್ತದೆ. ಅಗೆದ ಗುದ್ದಲಿ, ಹಾರೆಯನ್ನು ಗುಂಡಿಯ ಅಂಚಿನಲ್ಲೇ ಬಿಡುವುದನ್ನೂ ನೋಡುತ್ತೇವೆ, ದಯವಿಟ್ಟು ಬೇಡ.

ಹೈಜಂಪ್‌ನಲ್ಲಿ ಬೆನ್ನ ಮೇಲೆ ಬೀಳುವ ಫಾಸ್ಬರಿ ಶೈಲಿಯನ್ನು ಮಕ್ಕಳು ಮೊಬೈಲಿನಲ್ಲಿ ನೋಡಿ ಬಂದಿರುತ್ತಾರೆ. ಅಂತರರಾಷ್ಟ್ರೀಯ ಸ್ಪರ್ಧೆಯ ಹಾಸಿಗೆ 70 ಸೆಂಟಿಮೀಟರ್ ದಪ್ಪ ಇರಬೇಕು. ನಮ್ಮ ಬಳಿ ಇರುವುದು ಮರಳು, ಬಹಳವಾದರೆ ಹಳೆಯ ಹಾಸಿಗೆ. ಅದರ ಮೇಲೆ ಕುತ್ತಿಗೆಯಿಂದ ಬಿದ್ದರೆ ಜೀವಮಾನದ ನಷ್ಟ. ಮರಳಿನಲ್ಲಿ ಕತ್ತರಿ ಶೈಲಿ (ಒಂದರ ಹಿಂದೆ ಒಂದು ಕಾಲು ದಾಟಿಸಿ ಪಾದದ ಮೇಲೆ ಇಳಿಯುವುದು) ಮಾತ್ರ, ಇದರಲ್ಲಿ ರಿಯಾಯಿತಿ ಇಲ್ಲ. ಗುಂಡು, ಡಿಸ್ಕಸ್, ಜಾವೆಲಿನ್‌ಗೆ ಒಂದೇ ಕಟ್ಟುಪಾಡು: ಎಲ್ಲರೂ ಎಸೆದ ಮೇಲೆ ಒಂದು ಸೀಟಿ, ಎಲ್ಲರೂ ಒಟ್ಟಿಗೆ ನಡೆದುಹೋಗಿ ತರುವುದು. ಓಡಿ ಹೋದವನು ನೆಲಕ್ಕೆ ನೆಟ್ಟ ಜಾವೆಲಿನ್‌ನ ಹಿಂತುದಿಗೆ ಎದೆ ಕೊಡುತ್ತಾನೆ. ಹ್ಯಾಂಡ್‌ಬಾಲ್ ಗೋಲ್‌ಪೋಸ್ಟನ್ನು ನೆಲಕ್ಕೆ ಬಿಗಿಯದೆ ಬಿಡಬೇಡಿ, ಜೋತುಬಿದ್ದ ಮಗುವಿನ ಮೇಲೆಯೇ ಅದು ಮಗುಚುತ್ತದೆ.

ತಲೆಗೆ ಪೆಟ್ಟು ಬಿದ್ದರೆ ಪ್ರಜ್ಞೆ ತಪ್ಪಿಲ್ಲ ಅನ್ನುವ ಸಮಾಧಾನ ಬೇಡ. ಮಿದುಳು ಅಲುಗಿದ ಹೆಚ್ಚಿನ ಮಕ್ಕಳಿಗೆ ಪ್ರಜ್ಞೆ ತಪ್ಪಿರುವುದೇ ಇಲ್ಲ. ಕೇಳಿ: ಈಗ ಯಾವ ಪೀರಿಯಡ್? ಎದುರು ತಂಡ ಯಾವುದು? ಕೊನೆಯ ಪಾಯಿಂಟ್ ಯಾರು ತಂದರು? ಉತ್ತರ ತಡವರಿಸಿದರೆ, ತಲೆ ಸುತ್ತು, ಕಣ್ಣು ಮಂಜು, ನಡಿಗೆಯಲ್ಲಿ ತೂರಾಟ ಇದ್ದರೆ ಅವತ್ತು ಆಟ ಮುಗಿಯಿತು, ಅರ್ಧ ಗಂಟೆಯಲ್ಲಿ ಸರಿಹೋದರೂ ಸರಿ. ಮತ್ತೆ ಮತ್ತೆ ವಾಂತಿ, ಏರುತ್ತಿರುವ ತಲೆನೋವು, ಮಂಪರು, ಫಿಟ್ಸ್, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರ, ಕುತ್ತಿಗೆ ನೋವು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಕುತ್ತಿಗೆ ನೋವು ಅಂದವನನ್ನು ಎಬ್ಬಿಸಿ ಕೂರಿಸಬೇಡಿ, ಬಿದ್ದಲ್ಲೇ ತಲೆ ಅಲುಗದಂತೆ ಎರಡು ಕೈಯಲ್ಲಿ ಹಿಡಿದಿರಿ. ಘಟ್ಟದ ಅಂಚಿನ ಶಾಲೆಗಳಿಗೆ ಗಾಡಿ ಬರುವುದು ತಡ, ಹಾಗಾಗಿ ಊರಲ್ಲಿ ಯಾರ ಜೀಪು ಸಿಗುತ್ತದೆ, ಅವರ ನಂಬರ್ ಏನು ಅನ್ನುವುದು ಗೋಡೆಯ ಮೇಲೆ ಬರೆದಿರಲಿ.

ಹಲ್ಲು ಕಿತ್ತು ಬಂದರೆ, ಹಾಲುಹಲ್ಲಲ್ಲ, ಶಾಶ್ವತ ಹಲ್ಲು, ಅದು ಮತ್ತೆ ಕೂರುತ್ತದೆ. ಬೇರು ಮುಟ್ಟದೆ ಬಿಳಿ ಭಾಗ ಹಿಡಿದು ಎತ್ತಿ. ಮಣ್ಣಾಗಿದ್ದರೆ ಹರಿಯುವ ನೀರಿನಲ್ಲಿ ಕೆಲವೇ ಸೆಕೆಂಡು, ಉಜ್ಜಬೇಡಿ. ಧೈರ್ಯ ಇದ್ದರೆ ಅದೇ ಗುಳಿಗೆ ಕೂರಿಸಿ ಬಟ್ಟೆ ಕಚ್ಚಿಸಿ. ಇಲ್ಲದಿದ್ದರೆ ಹಾಲಿನಲ್ಲಿ ಹಾಕಿ. ಶಾಲೆಯಲ್ಲಿ ಪುಡಿಯಿಂದ ಕಾಯಿಸಿದ ಬಿಸಿ ಹಾಲು ಬೇಡ, ಅಂಗಡಿಯಿಂದ ತಣ್ಣನೆಯ ನಂದಿನಿ ಪಾಕೆಟ್ ತನ್ನಿ. ನೀರಿನಲ್ಲಿ ನೆನೆಸಿದರೆ ಬೇರಿನ ಜೀವಕೋಶ ಒಡೆದು ಸಾಯುತ್ತವೆ. ಅರ್ಧ ಗಂಟೆಯೊಳಗೆ ದಂತವೈದ್ಯರು ಸಿಕ್ಕರೆ ಹಲ್ಲು ಉಳಿಯುವ ಸಾಧ್ಯತೆ ಚೆನ್ನಾಗಿದೆ, ಒಂದು ಗಂಟೆ ದಾಟಿದರೆ ಬಹಳ ಕಡಿಮೆ.

ತರಚು ಗಾಯಕ್ಕೆ ಕಾಫಿ ಪುಡಿ ಒತ್ತುವುದು ಹಾಸನ, ಚಿಕ್ಕಮಗಳೂರು, ನಮ್ಮ ಎರಡೂ ಜಿಲ್ಲೆಯ ಅಭ್ಯಾಸ. ಕಾಫಿ ಕುಡಿಯಲಿಕ್ಕೆ ಚೆನ್ನ. ಗಾಯವನ್ನು ಸೋಪು ನೀರಿನಲ್ಲಿ ತೊಳೆದು, ರಕ್ತ ಬಂದರೆ ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುವೆ ಎತ್ತಿ ನೋಡದೆ. ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಲಸಿಕೆ 10 ಮತ್ತು 16ನೇ ವಯಸ್ಸಿಗೆ ಇದೆ. ಯಾರು ಹಾಕಿಸಿಕೊಂಡಿಲ್ಲ ಅನ್ನುವ ಪಟ್ಟಿ ನಿಮ್ಮ ಬಳಿ ಇರಲಿ.

ಕೊನೆಯದು, ಬಹುಶಃ ಎಲ್ಲಕ್ಕಿಂತ ಕಷ್ಟದ್ದು: ಗಾಯಗೊಂಡವನು ಮತ್ತೆ ಯಾವಾಗ ಆಡಬಹುದು. ಹೊಸ ಗಾಯ ಯಾರಿಗೆ ಆಗುತ್ತದೆ ಅಂತ ಮುಂಚೆಯೇ ಹೇಳುವ ಬಲವಾದ ಸುಳಿವುಗಳಲ್ಲಿ ಒಂದು, ಹಳೆಯ ಗಾಯ. ಬಾವು ಇಳಿದ ಕೂಡಲೇ ಅವನು "ಸರಿಹೋಯ್ತು ಸಾರ್" ಅನ್ನುತ್ತಾನೆ. ಬಾಯಿಮಾತು ಬಿಟ್ಟು ಕಾಲನ್ನು ಕೇಳಿ. ನೋವಿದ್ದ ಕಾಲಿನಲ್ಲಿ ಕಣ್ಣು ಮುಚ್ಚಿ ಹದಿನೈದು ಸೆಕೆಂಡು ನಿಲ್ಲಬೇಕು. ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತುವುದು ಇಪ್ಪತ್ತು ಸಲ. ಒಂಟಿ ಕಾಲಿನಲ್ಲಿ ಮೂರು ಕುಪ್ಪಳಿಕೆ, ದೂರ ಅಳೆದರೆ ಒಳ್ಳೆಯ ಕಾಲಿನ ಶೇಕಡ 90 ಬರಬೇಕು. ಆಮೇಲೆ ನೇರ ಓಟ, ಅದಾದ ಮೇಲೆ ತಿರುವಿನ ಓಟ, ಅದೂ ಸರಿಯಿದ್ದರೆ ಎದುರಾಳಿಯೊಂದಿಗೆ ಆಟ, ಒಂದೊಂದಕ್ಕೂ ಒಂದೊಂದು ದಿನ. ಮಾರನೇ ಬೆಳಿಗ್ಗೆ ಬಾವು ಬಂದರೆ ಒಂದು ಮೆಟ್ಟಿಲು ಕೆಳಕ್ಕೆ. ತಲೆ ಪೆಟ್ಟಿನವನು ಮೊದಲು ತರಗತಿಯಲ್ಲಿ ಪೂರ್ತಿ ದಿನ ಕೂತು ಓದಬೇಕು, ಆಮೇಲೆ ಮೈದಾನ, ಅದೂ ವೈದ್ಯರು ಬರೆದುಕೊಟ್ಟ ಮೇಲೆ.

ಹೋಬಳಿ ಪಂದ್ಯ ಹತ್ತು ದಿನ ಇದೆ, ನಿಮ್ಮ ಒಳ್ಳೆಯ ರೈಡರ್ ಈ ಪರೀಕ್ಷೆಯಲ್ಲಿ ಕುಪ್ಪಳಿಸಲು ಆಗದೆ ನಿಂತಿದ್ದಾನೆ ಅಂದುಕೊಳ್ಳಿ. ಅವನನ್ನು ತಂಡದ ಜೊತೆ ಕರೆದುಕೊಂಡು ಹೋಗಿ, ನೀರು ಕೊಡಲಿ, ಪಾಯಿಂಟ್ ಬರೆಯಲಿ. ಬದಲಿ ಆಟಗಾರರ ಪಟ್ಟಿಯಲ್ಲಿ ಮಾತ್ರ ಅವನ ಹೆಸರು ಹಾಕಬೇಡಿ. ಹಾಕಿದರೆ ಕೊನೆಯ ಐದು ನಿಮಿಷದಲ್ಲಿ, ಎರಡು ಪಾಯಿಂಟ್ ಹಿಂದಿರುವಾಗ, ಅವನನ್ನು ಇಳಿಸದೆ ಇರಲು ನಿಮ್ಮಿಂದ ಆಗುವುದಿಲ್ಲ.